ಗಿರಿಯಮ್ಮನ ಗುಡ್ಲಿಗೆ ನಾನು ಹೋಗದ ದಿನ

ಕೊರಟಗೆರೆ
ಆಗಸ್ಟ್ ೧೨, ೧೯೮೯

ಏಳು ತಿಂಗಳ ಕೂಸನ್ನು ಹೊಟ್ಟೆಯಲ್ಲಿಟ್ಟುಕೊಂಡು, ನಿದ್ದೆಗೆಟ್ಟು ನನಗೆ ಕಾಗದ ಬರೆದ ಕೊಲ್ಲಾಪುರಮ್ಮನಿಗೆ,

ಏಳನೇ ಕ್ಲಾಸು ಓದಿದವಳ ಅಕ್ಷರಗಳೇನೇ ಅವು? ಬೆದರಿದ ಕುರಿಗಳಂತೆ ದಿಕ್ಕಾಪಾಲಾಗಿ ಓಡುತ್ತಿವೆ. ಆದರೂ ಮೂರು ಸಲ ಓದಿದೆ. ಹೆರಿಗೆಗೆಂದು ತವರಿಗೆ ಬಂದಿದ್ದೀಯ, ಹಟ್ಟಿಯವರು ನಿನಗಾಗಿ ಬೇಲಿಯಾಚೆ ಸೂತಕದ ಗುಡ್ಲು ಕಟ್ಟುತ್ತಿದ್ದಾರೆ, ಹೊಸ ನರ್ಸು ಮಾತ್ರ ಶಿರಾ ಆಸ್ಪತ್ರೆಗೆ ಬಾ ಎನ್ನುತ್ತಿದ್ದಾಳೆ. ನಿನ್ನನ್ನು ಹೆತ್ತ ಗಿರಿಯಮ್ಮ ಸೂತಕ ಕಳೆಯುವ ಮೊದಲೇ ಬೇಲಿ ದಾಟಿ ಒಳಗೆ ಬಂದಳು, ಅದಕ್ಕೇ ದೇವರು ಮುನಿದು ಕರೆದುಕೊಂಡ ಎಂದು ಎಲ್ಲರೂ ಹೇಳುತ್ತಾರೆ. ‘ಕಟ್ಟಳೆ ಮೀರಿದ್ರೆ ನನ್ಗೂ ಅಮ್ಮನ ಗತಿಯೇನಾ? ನೀವು ಕಂಡೋರು, ನಿಜ ಹೇಳಿ’ ಎಂದು ಕೇಳಿದ್ದೀಯ.

ಹೇಳುತ್ತೇನೆ. ಹದಿನೆಂಟು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದೆ, ಇನ್ನು ಸಾಕು.

ಆಗ ನನಗೆ ಇಪ್ಪತ್ತೆರಡು. ನರ್ಸ್ ಕೆಲಸಕ್ಕೆ ಸೇರಿ ಎರಡೇ ತಿಂಗಳು. ಹೆಗಲಿಗೊಂದು ಚೀಲ, ಅದರಲ್ಲಿ ಸಿರಿಂಜು ಕುದಿಸುವ ಡಬ್ಬಿ, ಕೂಸು ತೂಗುವ ತಕ್ಕಡಿ, ಕೈಯಲ್ಲೊಂದು ಕೊಡೆ. ಮನೆಮನೆಗೆ ನಡೆದು ಬಸುರಿಯರನ್ನೂ ಬಾಣಂತಿಯರನ್ನೂ ನೋಡಬೇಕು, ನೋಡಿದ ಮನೆಯ ಗೋಡೆಯ ಮೇಲೆ ತಾರೀಕು ಬರೆದು ಸಹಿ ಹಾಕಬೇಕು. ತಪಾಸಣೆಗೆ ಬಂದ ಮೇಲಿನವರು ಗೋಡೆ ನೋಡಿ ತಲೆಯಾಡಿಸಿ ಹೋಗುತ್ತಿದ್ದರು.

ನಿಮ್ಮ ಗೊಲ್ಲರಹಟ್ಟಿಗೆ ಬಂದ ದಿನ ಸೋನೆ ಹಿಡಿದಿತ್ತು. ಬೇಲಿಯ ಬಳಿ ಚಪ್ಪಲಿ ಬಿಟ್ಟು ಒಳಗೆ ಬಂದೆ. ನಿನ್ನ ಅಜ್ಜಿ ಕರಿಯಕ್ಕ ಬಾಗಿಲಿಗೆ ಅಡ್ಡ ನಿಂತಿದ್ದಳು. ಬಾಣಂತಿಯನ್ನು ನೋಡಬೇಕು ಎಂದೆ. ಚೆನ್ನಾಗವ್ಳೆ, ನೀನು ಒಳಿಕ್ಕೆ ಬರಬ್ಯಾಡ ಕಣಮ್ಮ, ಅಂದಳು. ನಾನು ಪಾವಗಡ ಕಡೆಯ ಕಾಲೋನಿಯವಳು, ಕೂಲಿ ಚಿಕ್ಕನರಸಯ್ಯನ ಮಗಳು. ಹೊಸ್ತಿಲಿಗೆ ಅಡ್ಡ ನಿಲ್ಲುವವರನ್ನು ಹುಟ್ಟಿದಾಗಿನಿಂದ ಕಂಡವಳು. ಓಹೋ, ನನ್ನ ಜಾತಿ ವಿಚಾರಿಸಿಕೊಂಡಿದ್ದಾರೆ, ಬಿಳಿ ಸೀರೆ ಉಟ್ಟು ಬಂದರೂ ಇವರಿಗೆ ನಾನು ಅದೇ ಕಾಲೋನಿಯವಳು ಎಂದು ಮೈಯೆಲ್ಲ ಉರಿದುಹೋಯಿತು. ಮರುಮಾತಾಡದೆ ಗೋಡೆಗೆ ತಾರೀಕು ಬರೆದೆ. ಡೈರಿಯಲ್ಲಿ ‘ಬಾಣಂತಿ ಆರೋಗ್ಯ’ ಎಂದು ತುಂಬಿದೆ. ಹೊರಟೆ.

ನಿನ್ನ ಅಮ್ಮ ಆ ಮನೆಯೊಳಗೆ ಇರಲೇ ಇಲ್ಲ ಮಗಳೇ. ಬೇಲಿಯಾಚೆ, ನಾಲ್ಕು ಗಳ ನೆಟ್ಟು ಸೋಗೆ ಹೊದಿಸಿದ ಗುಡ್ಲಿನಲ್ಲಿ ನಿನ್ನನ್ನು ಅಪ್ಪಿಕೊಂಡು ಮಲಗಿದ್ದಳು. ಸರ್ಕಾರದವಳಿಗೆ ನಮ್ಮ ಕಟ್ಟಳೆ ಗೊತ್ತೇ ಇರುತ್ತದೆ, ಗುಡ್ಲು ನೋಡಿಕೊಂಡೇ ಬಂದಿರುತ್ತಾಳೆ ಎಂದು ಅಜ್ಜಿ ತಿಳಿದಿದ್ದಳು. ಬಾಣಂತಿಯನ್ನು ಮುಟ್ಟಿ ಬಂದವಳನ್ನು ಮನೆಯೊಳಗೆ ಬಿಟ್ಟುಕೊಳ್ಳುವುದು ಹೇಗೆ ಎಂದು ಅಡ್ಡ ನಿಂತಿದ್ದಳು. ನನ್ನ ಜಾತಿ ಆ ಮುದುಕಿಯ ತಲೆಯಲ್ಲಿ ಇತ್ತೋ ಇಲ್ಲವೋ, ಇವತ್ತಿಗೂ ನಾನು ಕೇಳಿಲ್ಲ. ‘ಎಲ್ಲವ್ಳೆ?’ ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಮತ್ತೆ ಬರುತ್ತದೆಯೇ?

ಮೂರನೆಯ ದಿನ ನಿನ್ನ ಅಪ್ಪ ಮೂಡಲಗಿರಿಯಪ್ಪ ನನ್ನ ಬಾಗಿಲಿಗೆ ಓಡಿ ಬಂದ. ಅವನ ಹಿಂದೆ ಹೋದಾಗಲೇ ನಾನು ಮೊದಲ ಸಲ ಆ ಗುಡ್ಲಿನೊಳಗೆ ಬಗ್ಗಿದ್ದು. ಕೆಳಗೆ ಹಾಸಿದ್ದ ಹುಲ್ಲು ಒದ್ದೆಯಾಗಿತ್ತು. ಗಿರಿಯಮ್ಮನ ಮೈ ಕೆಂಡದಂತೆ ಸುಡುತ್ತಿತ್ತು. ಹೆರಿಗೆಯ ನಂಜು ಏರಿತ್ತು. ಎತ್ತಿನ ಗಾಡಿ ಕಟ್ಟಿಸಿ ಶಿರಾಕ್ಕೆ ಹೊರಟೆವು. ಅವಳ ತಲೆ ನನ್ನ ತೊಡೆಯ ಮೇಲೆ, ನೀನು ನನ್ನ ಸೆರಗಿನಲ್ಲಿ. ಅರ್ಧ ದಾರಿಯಲ್ಲಿ ಕಣ್ಣು ಬಿಟ್ಟಳು.

‘ಮೊನ್ನೆ ನೀನು ಹೋಗೋದ್ನ ನೋಡ್ದೆ ಕಣಕ್ಕ. ಕೂಗ್ದೆ. ನಿಂಗೆ ಕೇಳಿಸ್ಲಿಲ್ವಾ?’

ಕೇಳಿಸಲಿಲ್ಲ ಗಿರಿಯಮ್ಮ, ಎಂದೆ.

ಅದು ಸುಳ್ಳು. ಅವತ್ತು ಬೇಲಿ ದಾಟಿ ಹತ್ತು ಮಾರು ಹೋಗಿದ್ದಾಗ ಹಿಂದಿನಿಂದ ಯಾರೋ ‘ಅಕ್ಕಾ’ ಎಂದು ಕರೆದದ್ದು ನನಗೆ ಕೇಳಿಸಿತ್ತು. ಕರೆದರೆ ಕರೆಯಲಿ, ಇವರ ಹಂಗೇನು ಎಂದು ತಿರುಗಲಿಲ್ಲ. ಅವಳು ನನ್ನ ಸುಳ್ಳನ್ನು ನಂಬಿ, ‘ಮಳೆ ಸದ್ದಿಗೆ ಕೇಳಿಸ್ದೆ ಇರ್ತದೆ ಬುಡು’ ಎಂದು ನನಗೇ ಸಮಾಧಾನ ಹೇಳಿದಳು. ಶಿರಾ ಕೆರೆಯ ಏರಿ ಕಾಣುವ ಹೊತ್ತಿಗೆ ಹೋಗಿಬಿಟ್ಟಳು.

ಅವಳು ಬೇಲಿ ದಾಟಲಿಲ್ಲ ಮಗಳೇ. ದಾಟುವುದಿರಲಿ, ಎದ್ದು ಕೂರುವ ತ್ರಾಣವೂ ಅವಳಲ್ಲಿ ಇರಲಿಲ್ಲ. ದೇವರು ಮುನಿದ ಎನ್ನುವ ಮಾತು ಹಟ್ಟಿಯಲ್ಲಿ ಹೇಗೆ ಹುಟ್ಟಿತೋ ನಾನರಿಯೆ, ಆದರೆ ಹುಟ್ಟಿದಾಗ ನನ್ನ ಜೀವಕ್ಕೆ ತಂಪಾಯಿತು. ಬಾಯಿಬಿಟ್ಟರೆ ಕೆಲಸ ಹೋಗುತ್ತದೆ, ಕಾಲೋನಿಯ ಹುಡುಗಿಗೆ ಕೆಲಸ ಕೊಟ್ಟರೆ ಹೀಗೇ ಎನ್ನುತ್ತಾರೆ ಎಂದು ಹೆದರಿದೆ. ಸತ್ತವಳ ಮೇಲೆ ತಪ್ಪು ಹೊರಿಸಿದ್ದನ್ನು ಕೇಳಿಸಿಕೊಂಡು ಸುಮ್ಮನಿದ್ದೆ. ಆ ಸುಳ್ಳು ಇವತ್ತು ನಿನ್ನ ಕೊರಳಿಗೆ ಬಂದಿದೆ.

ಆಮೇಲೆ ಸೂತಕದ ದಿನಗಳು ಕಳೆಯುವವರೆಗೆ ನಿನ್ನನ್ನು ಹಟ್ಟಿಯವರು ಯಾರೂ ಎತ್ತುವಂತಿರಲಿಲ್ಲ. ಕರಿಯಕ್ಕ ಮೇಕೆಯ ಹಾಲು ಕಾಯಿಸಿ ತಂದು ದೂರದಲ್ಲಿ ಇಟ್ಟು, ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ‘ನೀನೇ ಎತ್ಕಳಮ್ಮ, ನಿಂಗಾದ್ರೆ ತಡೆ ಇಲ್ಲ’ ಎಂದಳು. ಯಾವ ಕೈಯನ್ನು ಇವರು ಮುಟ್ಟಿಸಿಕೊಳ್ಳಲಾರರು ಎಂದು ನಾನು ಸಿಟ್ಟಾಗಿದ್ದೆನೋ ಅದೇ ಕೈಯಿಂದ ನಿನಗೆ ಹಾಲು ಕುಡಿಸಿದೆ. ಬತ್ತಿ ಹೊಸೆದು, ಹಾಲಿನಲ್ಲಿ ಅದ್ದಿ ಬಾಯಿಗೆ ಇಡುತ್ತಿದ್ದೆ. ಎಷ್ಟು ಹಟಮಾರಿ ನೀನು! ಅಜ್ಜಿಯನ್ನು ಬೈಯಬೇಡ. ಅವಳಿಗೆ ಕಟ್ಟಳೆಯ ಭಯ, ನನಗೆ ಜಂಭ, ನಡುವೆ ಹೋದದ್ದು ಗಿರಿಯಮ್ಮನ ಜೀವ.

ಅಲ್ಲಿಂದಾಚೆಗೆ ಶಿರಾ, ಮಧುಗಿರಿ, ಈಗ ಕೊರಟಗೆರೆ, ಎಲ್ಲಿ ಹೋದರೂ ಊರ ಹೊರಗಿನಿಂದಲೇ ಶುರು ಮಾಡುತ್ತೇನೆ. ಸಂತಾನಹರಣದ ಆಪರೇಶನ್ ಕೇಸು ತಾ, ಕೇಸು ತಾ ಎಂದು ಮೇಲಿನವರು ಪ್ರಾಣ ತಿಂದ ವರ್ಷಗಳಲ್ಲಿ ಜನ ನನ್ನನ್ನು ಕಂಡರೆ ಕದ ಹಾಕಿಕೊಳ್ಳುತ್ತಿದ್ದರು. ಆಗಲೂ ಗುಡ್ಲುಗಳಲ್ಲಿದ್ದ ಹೆಣ್ಣುಮಕ್ಕಳು ಬಾರಕ್ಕಾ ಎಂದು ಕರೆದು ಜಾಗ ಕೊಟ್ಟರು. ಇದನ್ನು ದೊಡ್ಡಸ್ತಿಕೆಗೆ ಹೇಳುತ್ತಿಲ್ಲ. ಎಷ್ಟು ಬಾಣಂತಿಯರನ್ನು ನೋಡಿದರೂ ಆ ಒಬ್ಬಳ ಲೆಕ್ಕ ತೀರುವುದಿಲ್ಲ.

ಈಗ ನೀನು ಮಾಡಬೇಕಾದದ್ದು ಕೇಳು. ನೋವು ಕಾಣಿಸಿಕೊಂಡ ಕೂಡಲೇ ಹೊಸ ನರ್ಸಿನ ಜೊತೆ ಶಿರಾಕ್ಕೆ ಹೋಗು. ಈ ಕಾಗದವನ್ನು ಅಪ್ಪನಿಗೂ ಅಜ್ಜಿಗೂ ಗಟ್ಟಿಯಾಗಿ ಓದಿ ಹೇಳು, ಒಂದಕ್ಷರ ಬಿಡಬೇಡ. ಇಷ್ಟಾದ ಮೇಲೂ ಅವರು ಒಪ್ಪದಿದ್ದರೆ ಗುಡ್ಲಿನಲ್ಲೇ ಹೆರಿಗೆಯಾಗಲಿ, ನಾನು ಬರುತ್ತೇನೆ. ನಿನಗೆ ದಿನ ತುಂಬುವ ತಿಂಗಳಿಗೆ ರಜೆ ಬರೆದುಕೊಟ್ಟಾಗಿದೆ. ನಿನ್ನ ಪಕ್ಕದಲ್ಲೇ ಚಾಪೆ ಹಾಸಿಕೊಳ್ಳುತ್ತೇನೆ. ಇದನ್ನೆಲ್ಲ ಓದಿ ನನ್ನ ಮುಖ ನೋಡಲಾರೆ ಎನ್ನಿಸಿದರೆ ನೋಡಬೇಡ, ಆಚೆ ಕಡೆ ತಿರುಗಿ ಮಲಗು. ಮಗುವನ್ನು ನಿನ್ನ ಎದೆಗೆ ಹಾಕಿದ ಮೇಲೆ ಎಷ್ಟು ಬೈಯಬೇಕೋ ಅಷ್ಟು ಬೈ, ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತೇನೆ.

ಒಂದು ಜೀವ ಸುಖವಾಗಿ ಎರಡಾಗಲಿ, ನಿನ್ನ ಮಗು ಅಮ್ಮಾ ಎಂದಾಗ ಓ ಎನ್ನಲು ನೀನು ಇರು ಎಂದು ಹರಸುವ,

ರಾಮಾಂಜಿನಮ್ಮ