ಅಣ್ಣನ ಕಾರಿನ ಮೆತ್ತನೆ ಸ್ಪ್ರಿಂಗು

ಅತ್ತಿಗೆ,

ಗಂಜಿ ಒಲೆ ಮೇಲಿದೆ. ಕುಡಿಸಿದ ಮೇಲೆ ಅಣ್ಣನಿಗೆ ನೋವಿನ ಮಾತ್ರೆ ಕೊಡಿ.

ಅವನ ಹಳೇ ಸ್ಪೋರ್ಟ್ಸ್ ಕಾರಿಗೆ, ಕುಲುಕಾಟ ಕಮ್ಮಿಯಾಗ್ಲಿ ಅಂತ ಅವನೇ ಮೊಬೈಲಲ್ಲಿ ನೋಡಿ ಆರಿಸಿದ ಮೆತ್ತನೆ ಸ್ಪ್ರಿಂಗನ್ನ ಹಿಂದಿನ ಚಕ್ರಗಳಿಗೆ ಹಾಕಿಸಿ ನಿನ್ನೆ ತೆರಕಣಾಂಬಿವರೆಗೂ ಓಡಿಸಿದೆ. ಹಿಂಭಾಗ ಕುಸಿದು ಕೂತಿದೆ. ಹಂಪ್ ಸಿಕ್ಕಿದಾಗೆಲ್ಲ ತಳ ಬಡಿದು ನನ್ನ ಸೊಂಟವೇ ಹಿಡಿದುಕೊಂಡಿತು. ಇನ್ನು ಅವನ ಬೆನ್ನುಮೂಳೆ ತಡೆಯೋ ಮಾತೆಲ್ಲಿ? ಡಾಕ್ಟ್ರು ಕಾರಲ್ಲಿ ಓಡಾಟ ಬೇಡ ಅಂದಾಗಲೇ ಕೇಳಬೇಕಿತ್ತು, ಎಲ್ಲಿ ಕೇಳ್ತೀವಿ ನಾವು!

ಕುಸಿದಿರೋದು ಕಿಟಕಿಯಿಂದ ಅವನಿಗೆ ಕಾಣೋಕೆ ಮುಂಚೆ ಗುಂಡ್ಲುಪೇಟೆಗೆ ಹೋಗಿ ಹಳೇ ಸ್ಪ್ರಿಂಗನ್ನೇ ಹಾಕಿಸ್ಕೊಂಡು ಬರ್ತೀನಿ. ಸದ್ದಿಗೆ ಎದ್ದುಬಿಡ್ತಾನೆ ಅಂತ ಕಾರನ್ನ ರಸ್ತೆವರೆಗೂ ತಳ್ಳಿಕೊಂಡೇ ಹೋಗ್ತೀನಿ.

ಎದ್ದ ಕೂಡಲೇ "ಸ್ಪ್ರಿಂಗ್ ಬಂತಾ? ಬಂಡೀಪುರಕ್ಕೆ ಯಾವಾಗ ಓಗನ?" ಅಂತಾನೆ. ಇನ್ನೂ ಬಂದಿಲ್ಲ ಅನ್ನಿ. ನಾಳೆನೂ ಹಂಗೇ ಅನ್ನಿ. ಆ ಆಸೆಯಲ್ಲೇ ಕಾಯ್ತಾ ಇರಲಿ.

ಸೋಮೇಶ