ಐದು ಪೌಂಡಿನ ರಾಕ್ಷಸ

ಗಜೇಂದ್ರಗಡ
ತಾ. ೮-೨-೧೯೫೫

ಪ್ರೀತಿಯ ಅವ್ವಾ,

ನಿನ್ನ ಮಗ ಕಳಕಪ್ಪ ಇಲ್ಲಿಂದಲೇ ನರಗುಂದಕ್ಕೆ ಕೇಳುವಂತೆ ಕೂಗಿ ನಿನ್ನ ಪಾದಕ್ಕೆ ಬೀಳುತ್ತಿದ್ದಾನೆ. ಸೊಂಟದ ನೋವು ಹೇಗಿದೆ? ದವಾಖಾನೆಯ ಎಣ್ಣೆಯನ್ನು ತಂಗಿ ನೀಲವ್ವ ಎರಡೂ ಹೊತ್ತು ತಿಕ್ಕುತ್ತಾಳೋ, ಇಲ್ಲಾ ನೀನೇ ಅದನ್ನು ದೀಪಕ್ಕೆ ಸುರಿದುಬಿಟ್ಟೆಯೋ? ಮಗಳ ಮನೆಯ ಸಾರಿಗೆ ಉಪ್ಪಿಲ್ಲವೆಂದು ಮುಖ ತಿರುವಬೇಡ, ಹೊಟ್ಟೆ ತುಂಬ ಉಣ್ಣು. ಆದರೆ ಭಾಳ ದಪ್ಪ ಆಗಬೇಡ. ಕಾರಣ ಮುಂದಿದೆ.

ದೀಪಾವಳಿಯ ಮರುದಿನದ ಆ ದೃಶ್ಯಕ್ಕೆ ನನ್ನ ಮನಸ್ಸಿನಲ್ಲಿ ಇನ್ನೂ ಪರದೆ ಬಿದ್ದಿಲ್ಲ. ಗದಗದ ದವಾಖಾನೆಯಿಂದ ನಿನ್ನನ್ನು ತಂದ ಗಾಡಿ ನಮ್ಮ ಮನೆಯ ಏಳು ಮೆಟ್ಟಿಲ ಕೆಳಗೆ ನಿಂತಿತ್ತು. ಇಪ್ಪತ್ತು ವರ್ಷ ನಾಟಕದಲ್ಲಿ ರಾಕ್ಷಸನ ಪಾರ್ಟು ಮಾಡಿ ಬೆಟ್ಟ ಎತ್ತಿದ ನಾನು ಅಬ್ಬರಿಸಿ ನಿನ್ನನ್ನು ಎತ್ತಿಕೊಂಡೆ. ಎರಡನೆಯ ಮೆಟ್ಟಿಲಿಗೇ ಕುಸಿದು ಕೂತೆ. ಎದುರು ಮನೆಯ ಅರ್ಜುನಪ್ಪ ಕೈಚಾಚಿ ಓಡಿಬಂದ. ನೀನು ಸೆರಗು ಬಿಗಿದು, "ಮಂದಿ ಕೈಲೆ ಹೊರಿಸ್ಕೊಂಡು ನನ್ನ ಮನಿ ಹೊಸ್ತಿಲಾ ದಾಟಂಗಿಲ್ಲ. ಮನ್ಯಾವ್ರು ಎತ್ತಿ ಒಳಗ ಒಯ್ದ ದಿನಾ ಬರ್ತೀನಿ" ಎಂದು ಗಾಡಿಯನ್ನು ನರಗುಂದದ ಕಡೆ ಹೊರಳಿಸಿದೆ.

ತಪ್ಪೆಲ್ಲ ನನ್ನದೇ ಏನು? ಈ ಕಡ್ಡಿ ತೋಳನ್ನು ರಾಕ್ಷಸನ ತೋಳು ಮಾಡಿದವಳು ನೀನು! ರೋಣದ ನಾಟಕಕ್ಕೆಂದು ನಮ್ಮ ಹೊಲದ ಹತ್ತಿಯನ್ನೇ ಅಂಗಿಯ ತೋಳಿನೊಳಗೆ ತುಂಬಿ ಹೊಲಿದಿದ್ದೆ, ನೆನಪಿದೆಯೇ? ಎಡತೋಳು ಕುಂಬಳಕಾಯಿಯಾಗಿ, ಆಟ ಮುಗಿಯುವವರೆಗೆ ಬಲಮಗ್ಗುಲನ್ನೇ ಜನಕ್ಕೆ ತೋರಿಸುತ್ತ ಗರ್ಜಿಸಿದೆ. ಹೆಂಗಸರ ನಡುವೆ ನೀನು ಬಾಯಿಗೆ ಸೆರಗು ಒತ್ತಿ ನಗುತ್ತಿದ್ದುದು ಗ್ಯಾಸ್ ಬತ್ತಿಯ ಬೆಳಕಿಗೆ ಕಂಡಿತು. ಆ ನಗೆಗಾಗಿಯೇ ಬೆಟ್ಟವನ್ನು ಇನ್ನೊಂದು ಸಲ ಎತ್ತಿದೆ.

ಹತ್ತಿಯ ಕಾಲ ಮುಗಿಯಿತೆಂದು, ನೀನು ಹೋದ ವಾರವೇ ಕುತುಬುದ್ದೀನನ ಕಬ್ಬಿಣದಂಗಡಿಗೆ ನಡೆದೆ. ಹುಬ್ಬಳ್ಳಿಯಿಂದ ಡಂಬೆಲ್ಸ್ ತರಿಸಿದ್ದ. ನಡುವೆ ಹಿಡಿಕೆ, ಎರಡೂ ತುದಿಗೆ ಗುಂಡು, ಕೈಗೊಂದರಂತೆ ಜೋಡಿ. ನಾನು ಎಲ್ಲಕ್ಕಿಂತ ದೊಡ್ಡ ಜೋಡಿಗೇ ಕೈ ಹಾಕಿದೆ, ಒಂದೊಂದೂ ಇಪ್ಪತ್ತು ಪೌಂಡು. ರೂಢಿಯಂತೆ ಹಲ್ಲು ಕಡಿದೆ, ಕಣ್ಣು ಕೆಂಪಗೆ ಮಾಡಿ "ಹಾ!" ಎಂದೆ. ನೆರೆದವರು ಚಪ್ಪಾಳೆ ತಟ್ಟಿದರು. ಡಂಬೆಲ್ಸ್ ಮೊಣಕಾಲವರೆಗೆ ಬಂದು ನಿಂತುಬಿಟ್ಟವು.

"ರಾಕ್ಷಸರ, ಎತ್ತಾಕಿಂತ ಮೊದ್ಲ ಮಾರಿ ಕಿವುಚಿದ್ರ ತೂಕ ಕಡಿಮಿ ಆಕ್ಕೈತೇನ್ರಿ? ಇದು ನಿಮ್ಮ ನಾಟಕದ ಬಿದಿರಿನ ಬೆಟ್ಟ ಅಲ್ರಿ" ಎಂದ ಕುತುಬುದ್ದೀನ. ಸಣ್ಣವನ್ನು ಸಾಲಾಗಿ ಇಟ್ಟು, "ಮಾರಿ ಕಿವುಚದಂಗ ಹತ್ತು ಸಲ ಯಾವುದು ಏಳತೈತಿ, ಅದ ನಿಮ್ಮ ತೂಕ. ಅದು ಹಗುರಾದ ಮ್ಯಾಲ ಬರ್ರಿ, ದೊಡ್ಡದು ಕೊಡ್ತೀನಿ" ಎಂದ. ಅವ್ವಾ, ಹತ್ತು ಪೌಂಡಿನದು ಎದ್ದಿತು. ಆದರೆ ಇಪ್ಪತ್ತು ವರ್ಷದ ರೂಢಿ, ಮುಖ ತಾನೇ ಕಿವುಚಿಕೊಂಡಿತು! ಕೊನೆಗೆ ಐದು ಪೌಂಡಿನ ಜೋಡಿಯನ್ನು ಧೋತರದ ಮರೆಯಲ್ಲಿ ಮನೆಗೆ ತಂದೆ.

ಮೂರು ತಿಂಗಳಿಂದ ದಿನಾ ಮುಂಜಾನೆ ಎತ್ತುತ್ತಿದ್ದೇನೆ. ನನ್ನ ಹೆಂಡತಿ ಶಂಕ್ರವ್ವ ಜೋಳ ಹಸನು ಮಾಡುತ್ತ, "ಮಾರಿ! ಮಾರಿ ನೋಡ್ಕೋರಿ!" ಎಂದು ಗದರುತ್ತಾಳೆ. ಈಗ ಹದಿನೈದು ಪೌಂಡಿಗೆ ಬಂದಿದ್ದೇನೆ. ಆದರೂ ನಿನ್ನ ಬೈಗುಳವಿಲ್ಲದ ಮನೆ, ಆಟ ಮುಗಿದ ರಂಗದಂತೆ ಬಿಕೋ ಎನ್ನುತ್ತದೆ.

ನೀಲವ್ವನ ಮನೆಯವರಿಗೆಲ್ಲ ನನ್ನ ಶರಣು. ಕಾಲಕಾಲೇಶ್ವರ ನಿನ್ನ ಸೊಂಟಕ್ಕೆ ಬಲ ಕೊಡಲಿ, ಮಿಕ್ಕಿದ್ದನ್ನು ನನ್ನ ತೋಳಿಗೆ ಕಳಿಸಲಿ.

ನಿನ್ನ ಮಗ,
ಕಳಕಪ್ಪ

ತಾ.ಕ.: ಖರೇ ಸಂಗತಿ ಬರೆಯಲು ಮೇಲೆ ನಾಚಿಕೆಯಾಯಿತು. ನಿನ್ನನ್ನು ಒಬ್ಬನೇ ಎತ್ತಲು ನನ್ನಿಂದ ಇನ್ನೂ ಆಗದು. ನಿನ್ನೆ ಕುರ್ಚಿಯ ಮೇಲೆ ನಿನ್ನ ಬದಲಿಗೆ ಅರ್ಧ ಚೀಲ ಜೋಳ ಕೂಡಿಸಿ, ಒಂದು ಕಡೆ ನಾನು, ಇನ್ನೊಂದು ಕಡೆ ಶಂಕ್ರವ್ವ ಹಿಡಿದು ಏಳೂ ಮೆಟ್ಟಿಲು ಏರಿದೆವು. ನಡುವೆ ದಣಿದು ನಿಂತವನು ನಾನು, ಆಕೆಯಲ್ಲ. ಶುಕ್ರವಾರದ ಮೊದಲ ಬಸ್ಸಿಗೆ ಇಬ್ಬರೂ ಬರುತ್ತೇವೆ. ಮನೆಯವರು ಎತ್ತಬೇಕು ಎಂದೆಯಲ್ಲ, ಅವ್ವಾ, ಸೊಸೆಯನ್ನೂ ಅವರಲ್ಲಿ ಎಣಿಸು.