ಬೆನ್ನ ಮೇಲಿನ ಕೈ

ಅಕ್ಕಾ,

ಮುಖ ತೋರಿಸಲಾರದೆ ಬರೆಯುತ್ತಿದ್ದೇನೆ. ಬೆಟ್ಟದ ಹಳೆಯ ರಸ್ತೆಯಲ್ಲಿ ವಾಹನಗಳೇ ಓಡಾಡುವುದಿಲ್ಲ. ಹಾಗಾಗಿ ಕೊನೆಯ ಏರಿನಲ್ಲಿ ನಾನು ಸೈಕಲ್ ತುಳಿಯಲಾರದೆ ಸುಸ್ತಾದಾಗ, ನೀನು ನಿನ್ನ ಸೈಕಲ್ ತುಳಿಯುತ್ತಲೇ ನನ್ನ ಬೆನ್ನ ಮೇಲೆ ಕೈಯಿಟ್ಟು ತಳ್ಳಿದ್ದನ್ನು ಯಾರೂ ನೋಡಲಿಲ್ಲ. ಅದೇ ಧೈರ್ಯದಲ್ಲಿ, ತುದಿಯ ಚಹಾದಂಗಡಿಯಲ್ಲಿ ಕಾಯುತ್ತಿದ್ದ ಗೆಳೆಯರೆದುರು, “ಅಕ್ಕನನ್ನು ತಳ್ಳಿಕೊಂಡೇ ಬಂದೆ ಕಣ್ರೋ” ಎಂದುಬಿಟ್ಟೆ. “ಮೊದಲೇ ಹೇಳಿದ್ರೆ ಹಗ್ಗ ಕೊಡ್ತಿದ್ವಲ್ಲೋ!” ಎಂದು ನಕ್ಕರು. ನೀನು ನನ್ನ ಚಹಾಕ್ಕೆ ಸಕ್ಕರೆ ಕದಡಿ ಕೊಟ್ಟೆ.

ಆಮೇಲೆ ನೀನು ಸೈಕಲ್ ಮುಟ್ಟಿಲ್ಲವೆಂದು ಭಾವ ಹೇಳಿದರು.

ನಿನ್ನೆ ಗೆಳೆಯರಿಗೆ ನಿಜ ಹೇಳಿದೆ. ಒಬ್ಬರೂ ನಂಬಲಿಲ್ಲ. ಅಕ್ಕನ ಮಾನ ಉಳಿಸುತ್ತಿದ್ದೇನೆಂದು ಬೆನ್ನು ತಟ್ಟಿದರು.

ಭಾನುವಾರ ಅದೇ ರಸ್ತೆಯಲ್ಲಿ ಗೆಳೆಯರೂ ನಮ್ಮ ಜೊತೆ ಬರುತ್ತಾರೆ. ದಯವಿಟ್ಟು ಬಾ. ಕೊನೆಯ ಏರಿನಲ್ಲಿ ನನ್ನನ್ನು ತಳ್ಳಬೇಡ, ಹಿಂದೆ ಬಿಟ್ಟು ಹೋಗು.

ನಿನ್ನ ತಮ್ಮ